ಗೇಟಿನವರೆಗಿನ ಇಳಿಜಾರು

ಗೇಟಿನಿಂದ ಮನೆಬಾಗಿಲವರೆಗೆ ಏನು ಹಾಸುವುದೆಂದು ತೀರ್ಮಾನಿಸಲು, ಮೇಸ್ತ್ರಿ ನಾಲ್ಕು ಬಗೆಯ ನೆಲವನ್ನು ಚಾಪೆಯಗಲ ಹಾಸಿ ತೋರಿಸಿದ್ದ: ಕನ್ನಡಿಯಂತೆ ಹೊಳೆಯುವ ಗ್ರಾನೈಟ್, ಬಿಳಿ ಬೆಣಚುಕಲ್ಲಿನ ಹರಳು, ಸಿಮೆಂಟಿನ ಇಂಟರ್‌ಲಾಕ್ ಇಟ್ಟಿಗೆ, ಉಳಿಯಲ್ಲಿ ಒರಟು ಮಾಡಿದ ಚಪ್ಪಡಿ. ಅಣ್ಣ ಬೂಟು ಹಾಕಿಕೊಂಡು ನಡೆದು ನೋಡಿದ. ಅತ್ತಿಗೆ ಬರಿಗಾಲಲ್ಲಿ ನಡೆದಳು. ಕಾರನ್ನೂ ಹಿಂದೆ ಮುಂದೆ ಓಡಿಸಿ ಅದರ ಅಭಿಪ್ರಾಯ ಕೇಳಿದ್ದಾಯಿತು. ಗಾಲಿಕುರ್ಚಿಯಲ್ಲಿ ಕುಳಿತ ತಂಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳದಿದ್ದರೆ ಸುಮ್ಮನಿರುವ ಪೈಕಿಯಲ್ಲ ಅವಳು. ಮನೆಯವರು ಗಿಣಿ ಎಂದು ಕರೆಯುತ್ತಿದ್ದುದು ಬರೀ ಮುದ್ದಿಗಲ್ಲ.

"ಅಣ್ಣ, ಬರೋ ತಿಂಗಳಿಂದ ನಾನು ಹೊಲಿಗೆ ಅಂಗಡಿಗೆ ಕೆಲಸಕ್ಕೆ ಹೋಗ್ಬೇಕು. ಈ ನೆಲದ ಮೇಲೆ ನಾನೊಬ್ಬಳೇ ಗೇಟು ದಾಟ್ಬೇಕು."

"ಒಬ್ಬಳೇ ಯಾಕೆ? ನಾನಿಲ್ವಾ? ಎತ್ತಿ ಕಾರಲ್ಲಿ ಕೂರಿಸ್ತೀನಿ."

"ನಾನೇನು ಅಕ್ಕಿ ಮೂಟೆನಾ, ಏರಿಸಿ ಇಳಿಸೋಕೆ?"

ಅಣ್ಣನಿಗೆ ಪ್ರೀತಿಯಿಲ್ಲವೆಂದಲ್ಲ, ಬೇಕಾದಷ್ಟಿತ್ತು. ಆದರೆ ಕೆಲವು ಮನೆಗಳಲ್ಲಿ ಪ್ರೀತಿಯೇ ಬಾಗಿಲಿನ ಚಿಲಕವಾಗಿಬಿಡುತ್ತದೆ. ಹೊರಗಿನಿಂದ ಹಾಕಿದ್ದು ಗೊತ್ತೇ ಆಗುವುದಿಲ್ಲ.

"ಅತ್ತಿಗೆ, ಒಂದು ಬಕೆಟ್ ನೀರು ತನ್ನಿ" ಎಂದಳು ಗಿಣಿ. ಒದ್ದೆಯಾದ ಗ್ರಾನೈಟಿನ ಮೇಲೆ ಕುರ್ಚಿ ಏಡಿಯಂತೆ ಅಡ್ಡಡ್ಡ ಜಾರಿತು. ಹರಳಿನಲ್ಲಿ ಗಾಲಿ ಹೂತುಹೋಯಿತು. ಇಂಟರ್‌ಲಾಕಿನ ಸಂದು ಸಂದಿಗೂ ಮೈಯೆಲ್ಲ ಗಡಗಡ. "ಇದರ ಮೇಲೆ ದಿನಾ ಓಡಾಡಿದ್ರೆ ಹಲ್ಲು ಜೇಬಲ್ಲಿ ಇಟ್ಕೊಂಡು ಹೋಗ್ಬೇಕು!" ಒರಟು ಚಪ್ಪಡಿ ಮಾತ್ರ ಗಾಲಿಯನ್ನು ಗಟ್ಟಿಯಾಗಿ ಹಿಡಿಯಿತು.

"ನೆಲ ಹಿಡಿದ್ರೆ ಸಾಲ್ದು ಅಕ್ಕ" ಎಂದ ಮೇಸ್ತ್ರಿ. "ಇಳಿಜಾರು ಉದ್ದ ಬೇಕು. ಯಜಮಾನ್ರು ಹೇಳಿದ ಲೆಕ್ಕದಲ್ಲಿ ಗೇಟಿನ ಹತ್ರಾನೇ ಗಕ್ಕಂತ ಏರುತ್ತೆ. ಉದ್ದ ಮಾಡಿದ್ರೆ ಸೂರಿನಡಿ ಕಾರು ನಿಲ್ಲೋ ಮಟ್ಟಸ ಜಾಗ ಕಮ್ಮಿ ಆಗಿ, ಓರೆಯಾಗಿ ನಿಲ್ಲಿಸ್ಬೇಕು, ಅದರ ಮೂತಿ ಸೂರಿನಾಚೆ ಉಳಿಯುತ್ತೆ."

"ಮಳೇಲಿ ನೆನೆಯುತ್ತಲ್ರೀ!" ಅಣ್ಣ ಹೌಹಾರಿದ.

"ನೆನೀಲಿ ಬಿಡಿ" ಎಂದಳು ಅತ್ತಿಗೆ. "ಅದಕ್ಕೇನು ನೆಗಡಿ ಆಗುತ್ತಾ?"

"ನೀನೂ ಅವಳ ಕಡೆಗೇ ಸೇರ್ಕೊಂಡ್ಯಾ?" ಅಣ್ಣನ ಮುಖ ಊದಿಕೊಂಡಿತು. "ಕಷ್ಟಪಟ್ಟು ತಗೊಂಡ ಕಾರು ಕಣೇ ಅದು."

ಗಿಣಿ ಈ ಸಲ ತಮಾಷೆ ಮಾಡಲಿಲ್ಲ. "ಅಣ್ಣ, ನೀನಿಲ್ದೆ ಆ ಕಾರು ಎಲ್ಲಿಗೂ ಹೋಗಲ್ಲ. ನಾನು ಹೋಗ್ತೀನಿ. ದಾರಿ ಬೇಕಾಗಿರೋದು ಯಾರಿಗೆ ಹೇಳು?"

ಅಣ್ಣ ಬಗ್ಗಿ, ಇಳಿಜಾರಿನ ಗುರುತಿಗೆ ಹೊಡೆದಿದ್ದ ಗೂಟವನ್ನು ತಾನೇ ಕಿತ್ತು, ದಾರ ಎಳೆದುಕೊಂಡು ಸೂರಿನ ಕೆಳಗಿನವರೆಗೂ ನಡೆದ. "ಇಲ್ಲಿಗೆ ಸಾಕಾ?" ಎಂದು ಮೇಸ್ತ್ರಿಯನ್ನು ಕೇಳಿದ.

"ಇನ್ನೊಂದು ಮಾರು" ಎಂದಳು ಗಿಣಿ.

ಕೆಲಸಕ್ಕೆ ಸೇರುವ ದಿನ ಬೆಳಿಗ್ಗೆ ಅವಳು ಚಪ್ಪಡಿಯ ಮೇಲೆ ಸಲೀಸಾಗಿ ಇಳಿದಳು. ಅಂಗೈಯಲ್ಲಿ ಗಾಲಿಯ ವೇಗ ಹಿಡಿತಕ್ಕೆ ಸಿಗುತ್ತಿತ್ತು. ಗೇಟಿನ ಹತ್ತಿರ ಮುಂದಿನ ಪುಟ್ಟ ಗಾಲಿ ಟಕ್ಕನೆ ಸಿಕ್ಕಿಕೊಂಡಿತು. ಚರಂಡಿಯ ಮೇಲಿನ ಕಬ್ಬಿಣದ ಜಾಲರಿ. ಅದರ ಸರಳುಗಳು ರಸ್ತೆಯತ್ತ ಉದ್ದುದ್ದ ಮಲಗಿದ್ದವು, ಗಾಲಿ ಅವುಗಳ ನಡುವಿನ ಸಂದಿಗೆ ಇಳಿದಿತ್ತು. ಕಾರಿನ ದಪ್ಪ ಚಕ್ರಕ್ಕೆ ಅದು ಲೆಕ್ಕಕ್ಕೇ ಇಲ್ಲ. ಹಾಗಾಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಅಷ್ಟೆಲ್ಲ ಜಗಳವಾಡಿದ ಗಿಣಿಯ ಕಣ್ಣಿಗೂ.

ಅಣ್ಣ ಮನೆಬಾಗಿಲಿನಿಂದ ಓಡಿ ಬಂದ.

"ಅಲ್ಲೇ ನಿಲ್ಲು! ಕೈ ಹಾಕಿದ್ರೆ ನೋಡು!"

ಅವನು ನಿಂತ. ಚಾಚಿದ ಕೈ ಗಾಳಿಯಲ್ಲೇ ಉಳಿಯಿತು. ಅವಳು ಗಾಲಿ ಬಿಡಿಸಿಕೊಂಡು, ಕುರ್ಚಿಯನ್ನು ಪೂರ್ತಿ ತಿರುಗಿಸಿ, ದೊಡ್ಡ ಗಾಲಿಗಳನ್ನು ಮುಂದೆ ಮಾಡಿ, ಬೆನ್ನು ರಸ್ತೆಯತ್ತ, ಮುಖ ಮನೆಯತ್ತ, ಒಂದೇ ಎಳೆತಕ್ಕೆ ಜಾಲರಿ ದಾಟಿದಳು.

"ಮೇಸ್ತ್ರಿಗೆ ಫೋನ್ ಮಾಡಿ ಹೇಳಣ್ಣ, ಜಾಲರಿ ಅಡ್ಡಕ್ಕೆ ತಿರುಗಿಸಿ ಹಾಕ್ಲಿ. ಸಂಜೆ ವಾಪಸ್ ಬರ್ಬೇಕು ನಾನು."

ಬೀದಿಯ ಆ ತುದಿಯಲ್ಲಿ ಹೊಲಿಗೆ ಅಂಗಡಿಯ ಬಾಗಿಲು ಆಗತಾನೇ ತೆರೆಯುತ್ತಿತ್ತು. ಅವಳು ಕುರ್ಚಿಯನ್ನು ಅತ್ತ ತಿರುಗಿಸಿದಳು.