ನಡುಗದ ಕೂಸು

ಬಸ್ತಿಹಳ್ಳಿಯಲ್ಲಿ ಯಾರ ಮನೆಯ ಕೂಸಾದರೂ ನೀರೆರೆಯುವುದು ಲಕ್ಕಜ್ಜಿಯೇ. ಅಂಥವಳ ಮೊಮ್ಮಗಳು ಭವ್ಯಾ ಎಂಟನೇ ತಿಂಗಳಿಗೇ ಹೆತ್ತು, ಕೂಸಿನೊಂದಿಗೆ ಬೇಲೂರಿನ ಆಸ್ಪತ್ರೆಯಿಂದ ತವರಿಗೆ ಬಂದಳು. ಈಗಲೇ ಸ್ನಾನ ಬೇಡವೆಂದು ಡಾಕ್ಟರ್ ಹೇಳಿದ್ದನ್ನು ಅಜ್ಜಿ ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ಸಾವಿರದ ನಾಲ್ಕರ ಡಿಸೆಂಬರ್, ಮೂಳೆ ಕೊರೆಯುವ ಚಳಿ. "ನೀರೆರೀದೆ ಕೂಸು ಗಟ್ಟಿ ಆದೀತೇನೇ?" ಎಂದು ಬಚ್ಚಲಿಗೆ ಎತ್ತಿಕೊಂಡು ಹೋದಳು.

ಭವ್ಯಾಳ ತಂಗಿ ಮಾಲಿನಿ ಮೈಸೂರಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಸ್ನಾನ ಮುಗಿದಿತ್ತು. ಕೂಸು ಸದ್ದಿಲ್ಲದೆ ಮಲಗಿತ್ತು, ಹಾಲಿಗೂ ಬಾಯಿ ತೆರೆಯುತ್ತಿರಲಿಲ್ಲ. ಮಾಲಿನಿ ಅದರ ಕಾಲು ಮುಟ್ಟಿ ನೋಡಿದಳು, ತಣ್ಣಗೆ ಕೊರೆಯುತ್ತಿತ್ತು.

"ಅಜ್ಜಿ, ಮಗೂಗೆ ಚಳಿಯಾಗಿದೆ!"

"ಸುಮ್ಕಿರೇ. ಚಳಿಯಾಗಿದ್ರೆ ನಡುಗ್ತಿರ್ಲಿಲ್ವಾ? ಎಷ್ಟು ಚೆಂದಾಗಿ ನಿದ್ದೆ ಮಾಡ್ತೈತೆ ನೋಡು."

"ಹಸುಗೂಸು ನಡುಗಲ್ಲ ಅಜ್ಜಿ!" ಎಂದಳು ಮಾಲಿನಿ. ಅದನ್ನು ಬೆಚ್ಚಗಿಡುವುದು ಮುಖ್ಯವಾಗಿ ಹೆಗಲೆಲುಬುಗಳ ನಡುವಿನ ಕಂದು ಕೊಬ್ಬು. ತಿಂಗಳು ತುಂಬದೆ ಹುಟ್ಟಿದರೆ ಅದೂ ಅಷ್ಟಕ್ಕಷ್ಟೇ. ಮಾಲಿನಿ ಮೂರು ವರ್ಷದಿಂದ ಜೀವ ತೇಯುತ್ತಿದ್ದುದೇ ಆ ಕೊಬ್ಬಿಗಾಗಿ. ಚಳಿಯಲ್ಲಿಟ್ಟ ಇಲಿಗಳಲ್ಲಿ ಅದು ಉರಿದು ಶಾಖ ಕೊಡುತ್ತದೆ. ಆ ಉರಿಯಲ್ಲಿ ತಾನೇ ಹಾಳಾಗದಂತೆ ಕಾಯುವ ಪದಾರ್ಥಗಳನ್ನೂ ತಯಾರಿಸಿಕೊಳ್ಳುತ್ತದೆ. ಮೈಯೊಳಗೇ ಹುಟ್ಟುವ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಆ ತಯಾರಿಯನ್ನು ಹೇಗೆ ಏರಿಳಿಸುತ್ತದೆ ಎಂಬುದೇ ಅವಳ ಸಂಶೋಧನೆ. ಮನೆಯಲ್ಲಿ ಕೇಳಿದವರಿಗೆಲ್ಲ "ಓದ್ತಿದ್ದೀನಿ" ಅಂದು ಕೈತೊಳೆದುಕೊಂಡಿದ್ದಳು. ಈಗ ಅಷ್ಟೂ ಓದು ಸೇರಿದರೂ ಒಂದು ಪುಟ್ಟ ಕಾಲನ್ನು ಬೆಚ್ಚಗೆ ಮಾಡುವಂತಿರಲಿಲ್ಲ.

ಕೂಸಿನ ಬಟ್ಟೆ ಬಿಚ್ಚಿ ಅಕ್ಕನ ಬರಿ ಎದೆಗೆ ಅವುಚಿದಳು, ತಲೆಗೆ ಟೋಪಿ ಹಾಕಿ ಇಬ್ಬರಿಗೂ ಕಂಬಳಿ ಹೊದಿಸಿದಳು. ಅಪ್ಪ ಹೊನ್ನಯ್ಯ ಆಟೋ ತರಲು ಹಳೇಬೀಡಿಗೆ ಓಡಿದರು. ಮಾಲಿನಿ ಕಂಬಳಿಯೊಳಗೆ ಕೈ ತೂರಿಸಿ ಕೂಸಿನ ಬೆನ್ನ ಮೇಲೆ ಅಂಗೈ ಇಟ್ಟಳು.

"ಇಲ್ಲೇ ಅಜ್ಜಿ, ಮಗೂನ ಕಾವು ಇರೋದು."

ಅಜ್ಜಿಯ ಮುಖ ಬಿಳುಚಿತ್ತು. "ಅಲ್ಲೇ ಅಂತ ನಿಂಗೆ ಹೆಂಗೆ ಗೊತ್ತೇ?"

ಏನಾದರೂ ಹೇಳಿ ಜಾರಿಕೊಳ್ಳೋಣವೆನಿಸಿತು. ಆಗಲಿಲ್ಲ. "ಇಲಿಗಳನ್ನ ಕೊಂದು, ಇಲ್ಲೇ ಕುಯ್ದು ತೆಗೀತೀನಿ."

ಹೇಳಿದ ಮೇಲೆ ತನ್ನ ಕೈಯ ಬಗ್ಗೆಯೇ ಅವಳಿಗೆ ಹೆದರಿಕೆಯಾಯಿತು. ಅಂಗೈಯ ಕೆಳಗೆ ಕೂಸು ಒಮ್ಮೆ ಮಿಸುಕಿ, ಸಣ್ಣಗೆ ಅತ್ತಿತು. ಮಾಲಿನಿ ತಟ್ಟನೆ ಕೈ ಹಿಂದಕ್ಕೆಳೆಯಹೋದಳು. ಲಕ್ಕಜ್ಜಿ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಅಲ್ಲೇ ಒತ್ತಿದಳು.

"ತೆಗೀಬ್ಯಾಡ ಕಣೇ. ನೀನು ಕೊಂದಿದ್ದು ಇಲೀನ. ನಾನು ಇವತ್ತು ಕೂಸನ್ನೇ ಕೊಲ್ತಿದ್ದೆ."