ಪದಕದ ಹಿಂದಿನ ಪಿನ್ನು

"ಕೈ ಚಾಚೇ, ಮುಂಡೆ."

ಪಿನ್ನಕ್ಕ ಚಾಚಿದಳು. ಮೇಸ್ತ್ರಿ ಅವಳ ಮುಂಗೈ ಮೇಲೆ ದಪ್ಪನೆಯ ಕಪ್ಪು ಬಟ್ಟೆಯ ತುಂಡು ಹಾಸಿ, ಪದಕದ ಪಿನ್ನನ್ನು ಹೆಬ್ಬೆರಳಿನಿಂದ ಒತ್ತಿದ. ಸರ್ಕಾರಕ್ಕೆ ಪದಕ ಮಾಡಿಕೊಡುವ ಆ ಕಾರ್ಖಾನೆಯಲ್ಲಿ ಪರೀಕ್ಷೆಯೆಂದರೆ ಇದೇ. ಪಿನ್ನು ಬಟ್ಟೆ ದಾಟಬೇಕು, ಮೈಗೆ ತಾಗಬಾರದು. ಅರ ಹಿಡಿದು ಮೊನೆ ತೀಡುವವಳು ಇವಳಾದ್ದರಿಂದ ಚುಚ್ಚಿಸಿಕೊಳ್ಳಬೇಕಾದವಳೂ ಇವಳೇ. ದೊಡ್ಡವರ ಎದೆ ನೋಯಬಾರದಲ್ಲ, ಬಡವಿಯ ಕೈಯಾದರೆ ಬಿಟ್ಟಿ ಸಿಗುತ್ತದೆ.

ಅವಳು 'ಸ್' ಎಂದಳು. ಮೇಸ್ತ್ರಿ ಪದಕವನ್ನು ಅವಳ ಮಡಿಲಿಗೆ ಎಸೆದ.

"ಗಂಡನ್ನ ನುಂಗಿ ನೀರು ಕುಡಿದೋಳಿಗೆ ಇದೊಂದು ನೋವಾ? ಇದು ನಿನ್ನ ತಲೆಗೆ ಸಿಕ್ಕಿಸೋ ಪಿನ್ನಲ್ಲ. ಮತ್ತೆ ತೀಡು."

ಗಂಡನನ್ನು ನುಂಗಿದವಳು ಅವಳಲ್ಲ. ಬಟ್ಟೆ ಮಿಲ್ಲಿನ ಗೇಟಿನೆದುರು ಕೂಲಿ ಹೆಚ್ಚಿಸಿ ಎಂದು ಕೂತವರ ಮೇಲೆ ಪೊಲೀಸರು ಗುಂಡು ಹಾರಿಸಿದ್ದರು. ಓಡುತ್ತಿದ್ದ ಅವಳ ಗಂಡನ ಬೆನ್ನಿಗೆ ಒಂದು ಬಿತ್ತು. ಅವನ ಕೈಯಲ್ಲಿದ್ದದ್ದು ಇವಳೇ ಕಟ್ಟಿಕೊಟ್ಟ ಊಟದ ಡಬ್ಬಿ. ಮರುದಿನದ ಪೇಪರಿನಲ್ಲಿ ಅದು ಬಾಂಬಾಯಿತು. ಹೆಣ ಕೇಳಲು ಠಾಣೆಗೆ ಹೋದರೆ, ಗುಂಡು ಹಾರಿಸಲು ಹೇಳಿದ ಸಾಹೇಬ ಟೀ ಕುಡಿದು ಮುಗಿಸುವ ತನಕ ಅವಳನ್ನು ಬಾಗಿಲಲ್ಲೇ ನಿಲ್ಲಿಸಿದ. ಆಮೇಲೆ ಹೇಳಿದ: "ಅಳೋದಾದ್ರೆ ಹೊರಗೆ ಹೋಗಿ ಅಳು. ಈಗ್ತಾನೆ ನೆಲ ಒರೆಸಿದಾರೆ."

ಅಂದಿನಿಂದ ಅವಳು ಅತ್ತಿರಲಿಲ್ಲ, ಹೊರಗೂ ಇಲ್ಲ, ಒಳಗೂ ಇಲ್ಲ.

ಪದಕದ ಅಂಚಿಗೆ ಹೆಸರು ಕೆತ್ತುವ ಅಜ್ಜ ಒಂದು ಮಧ್ಯಾಹ್ನ ಹೊಸ ಪದಕವೊಂದನ್ನು ತಂದು ಅವಳ ಮುಂದಿಟ್ಟ.

"ಮಿಲ್ ಗೇಟಿನ ಸಾಹೇಬಂದು ಕಣವ್ವಾ. ಶೌರ್ಯ ಪದಕವಂತೆ."

"ಯಾವ ಶೌರ್ಯ, ಅಜ್ಜ?"

"ನನ್ನೇನು ಕೇಳ್ತೀಯ. ಹೊಟ್ಟೆಪಾಡು, ಕೆತ್ತಿದೆ."

ಪಿನ್ನಕ್ಕ ಅರ ತೆಗೆದುಕೊಂಡಳು. ಉಳಿದ ಪಿನ್ನುಗಳ ಮೊನೆಯನ್ನು ಮೊಂಡು ಮಾಡುವವಳು ಇದನ್ನು ಚೂಪಾಗಿ ತೀಡಿದಳು, ಉಗುರಿನ ಮೇಲಿಟ್ಟರೆ ಜಾರದೆ ಕಚ್ಚಿಕೊಳ್ಳುವಷ್ಟು ತೀಡಿದಳು. ಕೊನೆಗೆ ಇಕ್ಕಳದಲ್ಲಿ ಹಿಡಿದು ಒಂದಿಷ್ಟು ತೊಡುವವನ ಎದೆಯ ಕಡೆಗೆ ಬಾಗಿಸಿದಳು.

ಸಂಜೆ ಮೇಸ್ತ್ರಿ ಬಟ್ಟೆ ಹಾಸಿ ಒತ್ತಿದ. ಪಿನ್ನು ಬಟ್ಟೆ ದಾಟಿತು, ಚರ್ಮ ದಾಟಿತು, ಮಾಂಸಕ್ಕಿಳಿಯಿತು. ಕಣ್ಣು ಕತ್ತಲೆ ಬಂದಂತಾಯಿತು. ಅವಳು ಆ ಟೀ ಲೋಟವನ್ನು ನೆನೆಸಿಕೊಂಡಳು.

"ಹೆಂಗಿದೆ?"

"ಹೂವಿನಂಗಿದೆ ಸಾಮಿ."

ಕಪ್ಪು ಬಟ್ಟೆ ರಕ್ತ ಕುಡಿದದ್ದು ಕಾಣಲಿಲ್ಲ. ಮೇಸ್ತ್ರಿ ಪದಕವನ್ನು ಪೆಟ್ಟಿಗೆಯಲ್ಲಿಟ್ಟು ತನ್ನ ಮೊಹರು ಒತ್ತಿದ.

ಪದಕ ಪ್ರದಾನದ ದಿನ ಕಾರ್ಖಾನೆಯವರನ್ನೆಲ್ಲ ಟಿವಿ ಮುಂದೆ ನಿಲ್ಲಿಸಿದರು. ಬಿಳಿ ಸಮವಸ್ತ್ರದ ಸಾಹೇಬ ಎದೆ ಸೆಟೆದು ನಿಂತಿದ್ದ. ಪ್ರಾಣದ ಹಂಗು ತೊರೆದು ಹೋರಾಡಿದವನೆಂದು ಯಾರೋ ಗಟ್ಟಿಯಾಗಿ ಓದಿದರು. ರಾಷ್ಟ್ರಾಧ್ಯಕ್ಷರು ಪದಕವನ್ನು ಎದೆಗಿಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿದರು.

ಸಾಹೇಬನ ಬಾಯಿ ಸೊಟ್ಟಗಾಯಿತು. ಅಷ್ಟರಲ್ಲಿ ರಾಷ್ಟ್ರಗೀತೆ ಶುರುವಾಯಿತು. ಕೂಗುವಂತಿಲ್ಲ, ಅಲುಗಾಡುವಂತಿಲ್ಲ, ಸೆಲ್ಯೂಟ್ ಹೊಡೆದ ಕೈ ಇಳಿಸುವಂತಿಲ್ಲ. ಪದಕದ ಕೆಳಗೆ ಒಂದು ಕೆಂಪು ಚುಕ್ಕೆ ಮೂಡಿ, ಕಾಸಿನಗಲವಾಗಿ, ಜೇಬಿನತ್ತ ಇಳಿಯತೊಡಗಿತು. ಸಾಹೇಬನ ಕಣ್ಣಲ್ಲಿ ನೀರು ತುಂಬಿತು. ಕ್ಯಾಮೆರಾ ಬಾವುಟದ ಕಡೆ ತಿರುಗಿತು.

"ಅಳು, ಬೋಳಿಮಗನೇ," ಎಂದಳು ಪಿನ್ನಕ್ಕ, ಎಲ್ಲರಿಗೂ ಕೇಳುವಂತೆ. "ಅಲ್ಲೇ ಅಳು. ನೆಲ ಅವರೇ ಒರೆಸ್ಕೋತಾರೆ."

ಮೇಸ್ತ್ರಿಯ ಮುಖ ಬಿಳಿಚಿಕೊಂಡಿತು. "ಏನೇ ಮಾಡ್ದೆ?"

"ನಾನೇನ್ ಮಾಡ್ದೆ? ನೀವೇ ಒತ್ತಿ ನೋಡಿದ್ರಲ್ಲ. ಮೊಹರೂ ನಿಮ್ದೇ."

ಅಂದು ಸಾಹೇಬನ ಮಾತು ಕೇಳಿ ಗುಂಡು ಹಾರಿಸಿದವರ ಪದಕಗಳು ಅವಳ ಮೇಜಿನ ತಟ್ಟೆಯಲ್ಲಿ ಕಾಯುತ್ತಿದ್ದವು. ಪಿನ್ನಕ್ಕ ಹೋಗಿ ಕೂತಳು. ಅಂಗಿಯ ತೋಳು ಮೇಲಕ್ಕೆ ಸರಿಸಿ, ಬಾತುಕೊಂಡ ಮುಂಗೈಯನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಅರ ಎತ್ತಿಕೊಂಡಳು.

"ಬಟ್ಟೆ ತನ್ನಿ ಸಾಮಿ."