ಸಾಧು ಕೋಳಿ

2006ರ ಫೆಬ್ರವರಿಯಲ್ಲಿ ಟಿವಿಯಲ್ಲಿ ಹಕ್ಕಿಜ್ವರದ ಸುದ್ದಿ ಬಂದ ದಿನವೇ ಮೂಡಲಪಾಳ್ಯದ ಚಿಕ್ಕಲಕ್ಷ್ಮಮ್ಮನವರು ಮನೆಯಲ್ಲಿ ಕೋಳಿ ಸಾರು ನಿಷೇಧಿಸಿದರು. ಮಹಾರಾಷ್ಟ್ರದಲ್ಲಿ ಸತ್ತ ಕೋಳಿಗೆ ಇಲ್ಲಿ ಸೂತಕ. ಚೆನ್ನಾಗಿ ಬೇಯಿಸಿ ತಿಂದರೆ ಏನೂ ಆಗುವುದಿಲ್ಲವೆಂದು ಅದೇ ಟಿವಿಯವರು ಬಡಕೊಂಡರೂ ಆ ಭಾಗ ಮಾತ್ರ ಅವರ ಕಿವಿಗೆ ಬೀಳಲಿಲ್ಲ. ತುಂಬು ಬಸುರಿ ಸೊಸೆ ಲತಾಳ ಬಯಕೆಯೂ ಬೀಳಲಿಲ್ಲ. ಬಾಡಿಗೆ ಮನೆಯ ಶಂಕ್ರವ್ವ, ಪಾಪ, ಡಬ್ಬಿ ತುಂಬ ಕೋಳಿ ಸಾರು ತಂದುಕೊಟ್ಟರೆ, ಅತ್ತೆ ಅದನ್ನು ಮೋರಿಗೆ ಸುರಿದು ಮೊಣಕೈವರೆಗೆ ಸೋಪು ಹಚ್ಚಿ ತೊಳೆದುಕೊಂಡರು.

ಶುಕ್ರವಾರ ಅದೇ ಕೈಗಳು ಒಂದು ಜೀವಂತ ಕೋಳಿಯನ್ನು ಎದೆಗೆ ಅವಚಿಕೊಂಡು ಬಂದವು. ಕಾಯಿಲೆಯ ಕಣ್ಣು ಸೊಸೆಯ ಮೇಲೆ ಬೀಳದಿರಲೆಂದು ಕೋಳಿ ನಿವಾಳಿಸಿ ಮಾರಮ್ಮನ ಗುಡಿಯ ಹಿಂದೆ ಬಿಡುವ ಹರಕೆಯಂತೆ! ಅಂಗಡಿಯಲ್ಲಿ ಕೊಳ್ಳುವವರೇ ಇಲ್ಲದ ಕಾಲ, ಆರಿಸಲು ಬೇಕಾದಷ್ಟಿದ್ದವು. ಕೂಗಾಡುವ ಕೋಳಿಗಳನ್ನೆಲ್ಲ ಬಿಟ್ಟು, ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟು ತೂಕಡಿಸುತ್ತಿದ್ದುದನ್ನೇ ಹುಡುಕಿ ತಂದಿದ್ದರು.

"ಎಷ್ಟು ಸಾಧು ನೋಡೇ! ಒಂದ್ಸಲಾನೂ ಕೊಸರಾಡ್ಲಿಲ್ಲ."

ಸಾಧುವಿನ ಮೂಗು ಸೋರುತ್ತಿತ್ತು.

"ಅತ್ತೆ, ಅದಕ್ಕೇ ಹುಷಾರಿಲ್ಲ. ಹತ್ರ ತರ್ಬೇಡಿ" ಎಂದಳು ಲತಾ.

"ಬಾಯ್ಮುಚ್ಕೊಂಡು ನಿಂತ್ಕೋ. ಮಗೂಗೆ ಒಳ್ಳೇದಾಗ್ಲಿ ಅಂತ ತಾನೆ ಮಾಡ್ತಿರೋದು?"

ಕೋಳಿ ಅವಳ ಮುಖದ ಸುತ್ತ, ಹೊಟ್ಟೆಯ ಸುತ್ತ ಪ್ರದಕ್ಷಿಣೆ ಹಾಕಿತು. ಪುಕ್ಕದ ಧೂಳೆಲ್ಲ ಅವಳ ಉಸಿರಿಗೆ. ಮೂಗಿನ ನೇರಕ್ಕೆ ಬಂದಾಗ ಅದು ಸೀನಿಯೂ ಬಿಟ್ಟಿತು. ಅತ್ತೆ ಸೆರಗಿನಿಂದ ಮೊದಲು ಕೋಳಿಯ ಕೊಕ್ಕು, ಆಮೇಲೆ ಸೊಸೆಯ ಮುಖ ಒರೆಸಿದರು. ಅವರಲ್ಲಿ ಭೇದಭಾವವಿರಲಿಲ್ಲ.

ಗುಡಿಯವರೆಗೆ ಹೋಗುವ ಕಷ್ಟವನ್ನೂ ಕೋಳಿ ಕೊಡಲಿಲ್ಲ. ಗೇಟಿನ ಬಳಿಯೇ ಗೋಣು ಚೆಲ್ಲಿತು.

"ನೋಡ್ದಾ? ನಿಂಗೆ ಬರೋದನ್ನ ಅದೇ ತಗೊಂಡ್ಹೋಯ್ತು!" ಅತ್ತೆ ಹಿಗ್ಗಿ, ಕೋಳಿಯನ್ನು ಕೆಳಗಿಟ್ಟು, ಮೊಮ್ಮಗುವನ್ನು ಹರಸಲು ಸೊಸೆಯ ಹೊಟ್ಟೆಯತ್ತ ಕೈ ಚಾಚಿದರು.

ಮದುವೆಯಾದಾಗಿನಿಂದ ಅತ್ತೆಯ ಮಾತು ಮೀರದ ಲತಾ ಆ ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಮುಟ್ಬೇಡಿ. ಮೊನ್ನೆ ಸಾರಿಗೆ ತೊಳ್ಕೊಂಡ್ರಲ್ಲ, ಹಂಗೇ ತೊಳ್ಕೊಳ್ಳಿ."

"ನಿವಾಳಿಸಿದ್ಮೇಲೆ ನೀರು ಮುಟ್ಬಾರ್ದು ಕಣೇ!"

ಲತಾ ಕೇಳಲಿಲ್ಲ. ಬಚ್ಚಲಿಗೆ ಎಳೆದೊಯ್ದು ಅತ್ತೆಯ ಕೈಗಳಿಗೆ ಸೋಪು ಹಚ್ಚಿ ಉಜ್ಜಿದಳು. ಆಮೇಲೆ ತನ್ನ ಮುಖ ತೊಳೆದಳು, ಮತ್ತೆ ತೊಳೆದಳು. ಅಳು ಬಂತು. ತೊಳೆದದ್ದು ಸಾಕಾಯಿತೋ ಇಲ್ಲವೋ ಹೇಳುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.